ಹತ್ತು ದಿನದಲ್ಲಿ ಛಂದಸ್ಸು



'ಪರೀಕ್ಷೆಗೆ ಇನ್ನು ಹತ್ತೇ ದಿನ, ಛಂದಸ್ಸು ಒಂದಕ್ಷರ ತಲೆಗೆ ಹೋಗಿಲ್ಲ, ಏನು ಮಾಡೋದು?' ಎಂದು ಈ ತಿಂಗಳು ನಮ್ಮ ಸಂಘದ ಕೋಣೆಯಲ್ಲಿ ನಾಲ್ಕು ಮಂದಿ ನನ್ನನ್ನು ಕೇಳಿದರು. ನಾನೇನೂ ಛಂದಸ್ಸಿನ ಪಂಡಿತನಲ್ಲ. ಕಳೆದ ವರ್ಷ ಇದೇ ವಿಷಯದಲ್ಲಿ ಬಿದ್ದವನು, ಆಮೇಲೆ ಹತ್ತು ದಿನದಲ್ಲಿ ಎದ್ದವನು, ಅಷ್ಟೆ. ಬಿದ್ದದ್ದು ಯಾಕೆ, ಎದ್ದದ್ದು ಹೇಗೆ ಎಂಬ ಎರಡನ್ನೂ ಬರೆದುಕೊಡು ಎಂದು ಸಂಪಾದಕರು ಹೇಳಿದ್ದರಿಂದ ಈ ಪಾಠ. ಓದುವಾಗ ಪಕ್ಕದಲ್ಲಿ ಒಂದು ಪೆನ್ಸಿಲ್ ಇರಲಿ. ಪೆನ್ಸಿಲ್ ಇಲ್ಲದೆ ಛಂದಸ್ಸು ಓದುವುದೆಂದರೆ ದಡದ ಮೇಲೆ ಕೂತು ಈಜು ಕಲಿತ ಹಾಗೆ.

ಬಿದ್ದದ್ದು ಹೇಗೆ

ನಮ್ಮಲ್ಲಿ ಬಹಳ ಮಂದಿಯಂತೆ ನನಗೂ ಹಗಲು ಕೆಲಸ, ಸಂಜೆ ಪಾಠ. ಓದಲು ಸಿಗುವುದು ಲೋಕಲ್ ಗಾಡಿಯ ಹೊತ್ತು, ಮತ್ತೆ ರಾತ್ರಿ ಊಟದ ಮೇಲಿನ ಹೊತ್ತು. ಒಳಪರೀಕ್ಷೆಯ ಹಿಂದಿನ ರಾತ್ರಿ ಒಂಬತ್ತಕ್ಕೆ ಕೂತು ಬೆಳಗಿನ ಜಾವ ನಾಲ್ಕರ ತನಕ ಛಂದಸ್ಸಿನ ನೋಟ್ಸನ್ನು ಆರು ಸಲ ಓದಿದೆ. ಆರನೆಯ ಸಲ ಎಲ್ಲವೂ ನೀರು ಕುಡಿದಷ್ಟು ಸುಲಭ ಅನಿಸಿತು. ಪುಟ ತಿರುವುವ ಮೊದಲೇ ಮುಂದಿನ ಸಾಲು ಹೊಳೆಯುತ್ತಿತ್ತು. ಗೆದ್ದೆ ಅಂದುಕೊಂಡೆ.

ಪ್ರಶ್ನೆಪತ್ರಿಕೆಯಲ್ಲಿ ಒಂದು ಪದ್ಯ ಕೊಟ್ಟು 'ಪ್ರಸ್ತಾರ ಹಾಕಿ ವೃತ್ತವನ್ನು ಹೆಸರಿಸಿ' ಎಂದಿತ್ತು. ನೋಡಿದ ಕೂಡಲೆ ಆರು ವೃತ್ತಗಳೂ ಒಟ್ಟಿಗೆ ತಲೆಯೊಳಗೆ ನುಗ್ಗಿದವು. ಶಾರ್ದೂಲವನ್ನು ಮತ್ತೇಭ ಅಂತ ಬರೆದೆ. ಭಾಮಿನಿಯ ಮೂರನೆಯ ಸಾಲಿಗೆ ಇಪ್ಪತ್ತು ಮಾತ್ರೆ ಅಂತ ಬರೆದೆ. ಉತ್ತರಪತ್ರಿಕೆ ಕೈಗೆ ಬಂದಾಗ ಅಂಚಿನಲ್ಲಿ ಮೇಷ್ಟ್ರು ಒಂದೇ ಒಂದು ಮಾತು ಬರೆದಿದ್ದರು: 'ಓದಿದ್ದೀಯ, ಆದರೆ ಮಾಡಿಲ್ಲ.' ಅಂಕಕ್ಕಿಂತ ಈ ಮಾತು ಹೆಚ್ಚು ಚುಚ್ಚಿತು.

ಓದುವುದಕ್ಕೂ ಮಾಡುವುದಕ್ಕೂ ಏನು ವ್ಯತ್ಯಾಸ?

ಈ ವಿಷಯದಲ್ಲಿ ತಿಳಿದವರು ಪ್ರಯೋಗ ಮಾಡಿ ನೋಡಿದ್ದಾರೆ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ತನ್ನ ಮೇಲೆಯೇ ವರ್ಷಗಟ್ಟಲೆ ಪರೀಕ್ಷೆ ನಡೆಸಿ 1885ರಲ್ಲಿ ಪುಸ್ತಕ ಬರೆದ. ಅರ್ಥವೇ ಇಲ್ಲದ ಅಕ್ಷರಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು, ಸ್ವಲ್ಪ ಕಾಲ ಬಿಟ್ಟು ಮತ್ತೆ ಅದನ್ನೇ ಕಲಿಯುವುದು, ಎರಡನೆಯ ಸಲ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕ ಹಾಕುವುದು — ಇದು ಅವನ ಕ್ರಮ. ಇಪ್ಪತ್ತು ನಿಮಿಷದ ನಂತರ ಉಳಿತಾಯ ನೂರಕ್ಕೆ 58ರಷ್ಟು, ಒಂದು ದಿನದ ನಂತರ 34ರಷ್ಟು, ಒಂದು ತಿಂಗಳ ನಂತರ 21ರಷ್ಟು. ಗಮನಿಸಿ: ಮರೆವು ಮೊದಲ ದಿನವೇ ದರೋಡೆ ಮಾಡಿಬಿಡುತ್ತದೆ, ಆಮೇಲೆ ಚಿಲ್ಲರೆ ಕಳ್ಳತನ ಮಾತ್ರ. ಒಂದೇ ರಾತ್ರಿ ಕಲಿತದ್ದು ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ಇಲ್ಲಿ ಅರ್ಧ ಉತ್ತರ ಸಿಕ್ಕಿತು.

ಉಳಿದರ್ಧ 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬಿಬ್ಬರು ಪ್ರಕಟಿಸಿದ ಪ್ರಯೋಗದಲ್ಲಿದೆ. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಕೆಲವರು ಅದನ್ನು ಎರಡು ಸಲ ಓದಿದರು. ಕೆಲವರು ಒಂದು ಸಲ ಓದಿ, ಹಾಳೆ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದೆ: 81ಕ್ಕೆ 75. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು: ಓದಿದವರಿಗೆ 42, ಮುಚ್ಚಿ ಬರೆದವರಿಗೆ 56. ನನಗೆ ಆ ರಾತ್ರಿ ನಾಲ್ಕು ಗಂಟೆಗೆ ಅನಿಸಿದ 'ಗೆದ್ದೆ' ಅನ್ನುವುದು ಈ ಐದು ನಿಮಿಷದ ಗೆಲುವು. ಪುಟದ ಪರಿಚಯವನ್ನು ವಿಷಯದ ತಿಳಿವಳಿಕೆ ಅಂದುಕೊಂಡಿದ್ದೆ.

ಹಾಗಾದರೆ ಹತ್ತು ದಿನದಲ್ಲಿ ಕಲಿಯಲಿಕ್ಕೆ ಆಗುತ್ತದೋ? ಆಗುತ್ತದೆ. ಆದರೆ ಬೇಗ ಕಲಿಯುವುದು ಎಂದರೆ ಬೇಗ ಬೇಗ ಓದುವುದಲ್ಲ. ಹಿಡಿಯಬೇಕಾದ ಬೇರು ಯಾವುದೆಂದು ಆರಿಸಿ ಉಳಿದದ್ದನ್ನು ಧೈರ್ಯವಾಗಿ ಬಿಡುವುದು, ಹಿಡಿದದ್ದನ್ನು ಪುಸ್ತಕ ಮುಚ್ಚಿ ಮಾಡಿ ನೋಡುವುದು, ಮರೆಯುವ ಹೊತ್ತಿಗೆ ಮತ್ತೆ ಅದರ ಹತ್ತಿರ ಹೋಗುವುದು. ನಾನು ದಿನಕ್ಕೆ ಎರಡು ಸಲ ಕೂತೆ: ಬೆಳಗ್ಗೆ ಗಾಡಿಯಲ್ಲಿ ನಲವತ್ತು ನಿಮಿಷ, ರಾತ್ರಿ ನಲವತ್ತು ನಿಮಿಷ. ರಾತ್ರಿಯ ಮೊದಲ ಹತ್ತು ನಿಮಿಷ ಹೊಸ ಪಾಠ ಇಲ್ಲ. ನಿನ್ನೆಯದನ್ನು ಬಿಳಿ ಹಾಳೆಯ ಮೇಲೆ ನೆನಪಿನಿಂದ ಬರೆಯಬೇಕು. ಈ ಒಂದು ನಿಯಮ ತಪ್ಪಿಸಬೇಡಿ.

ಮೊದಲನೆಯ ದಿನ: ಎರಡೇ ಗುರುತು

ಇಡೀ ಛಂದಸ್ಸು ನಿಂತಿರುವುದು ಎರಡು ಗುರುತಿನ ಮೇಲೆ. ಲಘು (∪) ಒಂದು ಮಾತ್ರೆ, ಗುರು (—) ಎರಡು ಮಾತ್ರೆ. ಗುರು ಆಗುವುದು ಯಾವಾಗ?

1. ಸ್ವರ ದೀರ್ಘವಾಗಿದ್ದರೆ, ಐ, ಔ ಕೂಡ ಇದರೊಳಗೇ.
2. ಬಿಂದು ಅಥವಾ ವಿಸರ್ಗ ಇದ್ದರೆ.
3. ಮುಂದೆ ಒತ್ತಕ್ಷರ ಬಂದರೆ.
4. ಅಕ್ಷರ ವ್ಯಂಜನದಲ್ಲಿ ಮುಗಿದರೆ.
5. ಷಟ್ಪದಿಯ 3 ಮತ್ತು 6ನೆಯ ಸಾಲಿನ ಕೊನೆಯ ಅಕ್ಷರ, ಅದು ಹ್ರಸ್ವವಾಗಿದ್ದರೂ.

ನಮ್ಮೆಲ್ಲರ ಕಾಲು ಜಾರುವುದು ಮೂರನೆಯದರಲ್ಲಿ. 'ಕನ್ನಡ' ಅನ್ನುವಲ್ಲಿ ಗುರು ಯಾವುದು? ಒತ್ತು ಇರುವ 'ನ್ನ' ಅಲ್ಲ, ಅದರ ಹಿಂದಿನ 'ಕ'. ಆದ್ದರಿಂದ ಕನ್ನಡ = — ∪ ∪, ನಾಲ್ಕು ಮಾತ್ರೆ. ಒತ್ತಿನ ಭಾರವನ್ನು ಹೊರುವುದು ಹಿಂದಿನವನು ಎಂದು ನೆನಪಿಡಿ. ಗಾಡಿಯಲ್ಲಿ ನಿಂತವನ ಮೇಲೆ ಹಿಂದಿನ ಮೂಟೆ ಬಿದ್ದರೆ ಹೇಗೋ ಹಾಗೆ, ಇಲ್ಲಿ ಮಾತ್ರ ಮುಂದಿನ ಮೂಟೆ.

ನಾಲ್ಕನೆಯದಕ್ಕೆ ಉದಾಹರಣೆ ದಿನಾ ಕಾಣುವ ಹೆಸರು. 'ದಾದರ್' ಎಂದರೆ — —, 'ದಾದರು' ಎಂದರೆ — ∪ ∪. ರೂಪ ಬೇರೆ, ಮಾತ್ರೆ ಎರಡರಲ್ಲೂ ನಾಲ್ಕೇ.

ಮೊದಲ ದಿನದ ಅಭ್ಯಾಸ: ಕನ್ನಡ ಪತ್ರಿಕೆಯ ತಲೆಬರಹಗಳಿಂದ ಐವತ್ತು ಪದ ಆರಿಸಿ ಪ್ರಸ್ತಾರ ಹಾಕಿ. ಐವತ್ತರಲ್ಲಿ ನಲವತ್ತೈದು ಸರಿ ಬರುವ ತನಕ ಎರಡನೆಯ ದಿನಕ್ಕೆ ಹೋಗಬೇಡಿ. ಇಲ್ಲಿ ಉಳಿಸಿದ ಹೊತ್ತು ಮುಂದೆ ಹತ್ತು ಪಟ್ಟು ನಷ್ಟ.

ಎರಡನೆಯ ದಿನ: ಎಂಟು ಗಣ, ಎಂಟು ಸ್ಟೇಷನ್

ಮೂರು ಅಕ್ಷರ ಸೇರಿದರೆ ಒಂದು ಅಕ್ಷರಗಣ. ಲಘು-ಗುರುಗಳನ್ನು ಮೂರು ಮನೆಯಲ್ಲಿ ಕೂರಿಸುವ ಬಗೆ ಎಂಟೇ ಎಂಟು. ಹಿಂದಿನವರು ಇದಕ್ಕೆ 'ಯಮಾತಾರಾಜಭಾನಸಲಗಂ' ಎಂಬ ಒಂದು ಸೂತ್ರ ಮಾಡಿಟ್ಟಿದ್ದಾರೆ. ಯಾವ ಗಣ ಬೇಕೋ ಆ ಅಕ್ಷರದಿಂದ ಹಿಡಿದು ಮೂರಕ್ಷರ ಓದಿದರೆ ಆ ಗಣದ ರೂಪ ಬರುತ್ತದೆ. ಯಗಣ ಬೇಕೆ? 'ಯಮಾತಾ', ∪ — —. ಸಗಣ ಬೇಕೆ? 'ಸಲಗಂ', ∪ ∪ —. ಹತ್ತಕ್ಷರದಲ್ಲಿ ಎಂಟು ಗಣ! ಕಡಿಮೆ ಹೊತ್ತಿನಲ್ಲಿ ಹೆಚ್ಚು ಕಲಿಸುವ ಉಪಾಯ ನಮ್ಮ ಹಳಬರಿಗೆ ಚೆನ್ನಾಗಿ ಗೊತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದರೂ ಸೂತ್ರ ನನ್ನ ನಾಲಿಗೆಗೆ ಒಂದು ದಿನಕ್ಕೆ ಹತ್ತಲಿಲ್ಲ. ಡೊಂಬಿವಲಿಯಿಂದ ಬರುವಾಗ ಕಿಟಕಿಯಾಚೆ ಮುಲುಂಡಿನ ಬೋರ್ಡು ಕಂಡಿತು. ಮು-ಲುಂ-ಡು: ∪ — ∪. ಅರೆ, ಜಗಣ! ಅವತ್ತು ದಾದರಿಗೆ ಇಳಿಯುವ ಮೊದಲು ಪಟ್ಟಿ ಅರ್ಧ ಮುಗಿದಿತ್ತು. ಉಳಿದದ್ದನ್ನು ಬೇರೆ ಲೈನುಗಳಿಂದ ಸಾಲ ತಂದೆ.

ಯ   ∪ — —   ವಡಾಲಾ
ಮ   — — —   ಸಾಂತಾಕ್ರೂಜ್
ತ   — — ∪   ಮಾಟುಂಗ
ರ   — ∪ —   ಚರ್ನಿರೋಡ್
ಜ   ∪ — ∪   ಮುಲುಂಡು
ಭ   — ∪ ∪   ದಾದರು
ನ   ∪ ∪ ∪   ವಸಯಿ
ಸ   ∪ ∪ —   ಕಳವಾ

ಈ ಪಟ್ಟಿ ಪರೀಕ್ಷೆಯಲ್ಲಿ ಬರೆಯಲಿಕ್ಕಲ್ಲ, ಮೇಷ್ಟ್ರು ನಗುತ್ತಾರೆ. ನೆನಪಿನ ಗೂಟ ಅಷ್ಟೆ. ನೀವು ಪುಣೆಯಲ್ಲೋ ಚೆನ್ನೈಯಲ್ಲೋ ಇದ್ದರೆ ನಿಮ್ಮ ಊರಿನ ಸ್ಟೇಷನ್ ಹಿಡಿಯಿರಿ. ನನ್ನ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ನಿಮ್ಮದೇ ಒಂದನ್ನು ಹುಡುಕುವುದರಲ್ಲಿಯೇ ಕಲಿಕೆ ನಡೆಯುತ್ತದೆ.

ಮೂರು, ನಾಲ್ಕನೆಯ ದಿನ: ಆರು ಷಟ್ಪದಿ, ಒಂದೇ ನಿಯಮ

ನೋಟ್ಸಿನಲ್ಲಿ ಆರು ಷಟ್ಪದಿಗೆ ಆರು ಲಕ್ಷಣ, ಆರು ಪಟ್ಟಿ. ಹಾಗೆ ಕಲಿತರೆ ಒಂದು ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ಎದುರು-ಬದುರು ಇಟ್ಟು ನೋಡಿ, ಒಂದೇ ನಿಯಮ ಹೊರಬೀಳುತ್ತದೆ. 1, 2, 4, 5ನೆಯ ಸಾಲುಗಳು ಸಮ. 3 ಮತ್ತು 6ನೆಯ ಸಾಲುಗಳು ಅದರ ಒಂದೂವರೆ ಪಟ್ಟು, ಮೇಲೊಂದು ಗುರು. ಮುಗಿಯಿತು. ಇನ್ನು ಬೇಕಾದದ್ದು ಯಾವ ಹೆಜ್ಜೆ, ಎಷ್ಟು ಹೆಜ್ಜೆ ಎಂಬುದು ಮಾತ್ರ.

ಶರ: 4+4 = 8; ಮೂರನೆಯದು 12+2 = 14
ಕುಸುಮ: 5+5 = 10; ಮೂರನೆಯದು 15+2 = 17
ಭೋಗ: 3+3+3+3 = 12; ಮೂರನೆಯದು 18+2 = 20
ಭಾಮಿನಿ: 3+4+3+4 = 14; ಮೂರನೆಯದು 21+2 = 23
ಪರಿವರ್ಧಿನಿ: 4+4+4+4 = 16; ಮೂರನೆಯದು 24+2 = 26
ವಾರ್ಧಕ: 5+5+5+5 = 20; ಮೂರನೆಯದು 30+2 = 32

ಮೊದಲ ಸಾಲಿನ ಸಂಖ್ಯೆಗಳನ್ನು ನೋಡಿ: 8, 10, 12, 14, 16, 20. ಎರಡೆರಡು ಹೆಚ್ಚುತ್ತಾ ಹೋಗಿ 18ನ್ನು ಹಾರಿಬಿಡುತ್ತದೆ. ಇಷ್ಟು ನೆನಪಿದ್ದರೆ ಉಳಿದದ್ದನ್ನು ಪರೀಕ್ಷೆಯ ಹಾಲಿನಲ್ಲೇ ಕೂತು ಲೆಕ್ಕ ಹಾಕಬಹುದು. ಕುಮಾರವ್ಯಾಸನ ಭಾರತ, ಕುಮಾರವಾಲ್ಮೀಕಿಯ ತೊರವೆ ರಾಮಾಯಣ ಭಾಮಿನಿಯಲ್ಲಿ. ರಾಘವಾಂಕನ ಹರಿಶ್ಚಂದ್ರ ಕಾವ್ಯ, ಲಕ್ಷ್ಮೀಶನ ಜೈಮಿನಿ ಭಾರತ ವಾರ್ಧಕದಲ್ಲಿ. ನಾಲ್ಕನೆಯ ದಿನ ಇವುಗಳಲ್ಲಿ ಯಾವುದಾದರೂ ಒಂದನ್ನು ಲೈಬ್ರರಿಯಿಂದ ತಂದು, ಕಣ್ಣು ಮುಚ್ಚಿ ಪುಟ ತೆರೆದು, ಸಿಕ್ಕಿದ ಐದು ಪದ್ಯಕ್ಕೆ ಪ್ರಸ್ತಾರ ಹಾಕಿ. ಆದಿಪ್ರಾಸವನ್ನೂ, ಅಂದರೆ ಎಲ್ಲ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬಂದಿದೆಯೋ ಎಂಬುದನ್ನೂ ನೋಡಿ.

ಐದನೆಯ ದಿನ: ಹೊಸತು ಇಲ್ಲ

ಅವತ್ತು ಭಾನುವಾರ. ಹೊಸ ಪಾಠ ಮಾಡಬಾರದೆಂದು ಮೊದಲೇ ನಿಶ್ಚಯಿಸಿದ್ದೆ. ನಾಲ್ಕು ದಿನದ್ದನ್ನು ಬಿಳಿ ಹಾಳೆಯ ಮೇಲೆ ನೆನಪಿನಿಂದ ಬರೆದೆ. ಭೋಗ-ಕುಸುಮ ಅದಲುಬದಲಾಯಿತು, ಉಳಿದದ್ದು ಸರಿ ಬಂತು. ಆಮೇಲೆ ನಾನೇ ಒಂದು ಭಾಮಿನಿ ಕಟ್ಟಿ ನೋಡುವ ಅಂತ ಕೂತೆ. ಕಾವ್ಯ ಮಾಡಲಿಕ್ಕಲ್ಲ, ಲೆಕ್ಕ ಮಾಡಲಿಕ್ಕೆ. ಒಂದೂವರೆ ಗಂಟೆ ಹಿಡಿಯಿತು:

ಮುಗಿಲ ಕಪ್ಪಿನ ನಡುವೆ ರೈಲಿನ
ಹೆಗಲಿಗೊರಗಿದ ಹೆಗಲ ಸಾಲಿದೆ
ಜಗದ ಗದ್ದಲದೊಳಗೆ ಕಿವಿಯಲಿ ತಾಳ ಕೇಳುವುದು
ಹಗಲು ದುಡಿತ ಇರುಳು ಪಾಠವು
ನಗುತ ಸಾಗುವ ಗೆಳೆಯರೆಲ್ಲರ
ಬಗೆಯಲೊಂದೇ ಕನಸು ಕನ್ನಡ ಪದವ ಹಾಡುವುದು

ಮನೆಯಲ್ಲಿ ನನ್ನ ಸೋದರಮಾವ ಇದ್ದರು. ಊರಿನಲ್ಲಿ ನಾಲ್ಕನೆಯ ಕ್ಲಾಸು ಮುಗಿಸಿ ಮುಂಬಯಿಗೆ ಬಂದವರು. ಹೋಟೆಲಿನಲ್ಲಿ ಗ್ಲಾಸು ತೊಳೆಯುವಲ್ಲಿಂದ ಗಲ್ಲಾದ ತನಕ ಎಲ್ಲ ಕೆಲಸ ಮಾಡಿದವರು. ಪುಸ್ತಕದ ಛಂದಸ್ಸು ಅವರಿಗೆ ಗೊತ್ತಿಲ್ಲ. ಆದರೆ ತಾಳಮದ್ದಳೆ ಎಲ್ಲೇ ಇರಲಿ, ರಾತ್ರಿ ಪಾಳಿ ಬದಲಾಯಿಸಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರುವವರು. ನಾನು ನನ್ನ ಪದ್ಯವನ್ನು ಜೋರಾಗಿ ಓದಿದೆ. ಅವರು ಪೇಪರು ಮಡಚಿ, ತೊಡೆಯ ಮೇಲೆ ಬೆರಳು ತಟ್ಟುತ್ತಾ ಕೇಳಿದರು.

'ಇನ್ನೊಮ್ಮೆ ಓದು.'

ಓದಿದೆ. ನಾಲ್ಕನೆಯ ಸಾಲಿಗೆ ಬಂದಾಗ ಅವರ ಬೆರಳು ನಿಂತಿತು.

'ಅಲ್ಲಿ ಕಾಲು ಎಡವಿತು ಮಾರಾಯ,' ಅಂದರು. ಹೇಳಿದ್ದು ತುಳುವಿನಲ್ಲಿ, ಮನೆಯಲ್ಲಿ ನಮ್ಮದು ಅದೇ ಮಾತು. 'ಏನು ಅಂತ ನನಗೆ ಗೊತ್ತಿಲ್ಲ. ಆದ್ರೆ ಅಲ್ಲಿ ಏನೋ ಕಡಿಮೆ ಉಂಟು.'

ಎಣಿಸಿದೆ. ಹಗಲು 3, ದುಡಿತ 3, ಇರುಳು 3, ಪಾಠವು 4. ಒಟ್ಟು ಹದಿಮೂರು! 3+4+3+4 ಬರಬೇಕಾದಲ್ಲಿ 3+3+3+4 ಬಂದಿತ್ತು. 'ದುಡಿತ'ವನ್ನು 'ದುಡಿತವು' ಮಾಡಿದೆ. ಮತ್ತೆ ಓದಿದೆ. ಮಾವನ ಬೆರಳು ನಿಲ್ಲದೆ ಕೊನೆಯ ತನಕ ಹೋಯಿತು. 'ಹ್ಞಾ, ಈಗ ನಡೀತದೆ,' ಅಂದು ಪೇಪರು ಬಿಡಿಸಿದರು.

ಒಂದು ಮಾತ್ರೆ! ನೂರ ಎರಡು ಮಾತ್ರೆಯ ಪದ್ಯದಲ್ಲಿ ಒಂದು ಮಾತ್ರೆ ಕಡಿಮೆಯಾದದ್ದನ್ನು ಅವರು ಎಣಿಸದೆ ಹಿಡಿದರು. ಯಕ್ಷಗಾನ ಪ್ರಸಂಗಗಳಲ್ಲಿ ಭಾಮಿನಿ, ವಾರ್ಧಕ, ಕಂದ ಎಲ್ಲ ಬರುತ್ತವೆ. ಅವು ಅವರ ಕಿವಿಯಲ್ಲಿ ಮನೆ ಮಾಡಿದ್ದವು. ನಾನು ಪೆನ್ಸಿಲಿನಿಂದ ಹಿಡಿಯುವುದನ್ನು ಅವರು ಬೆರಳಿನಿಂದ ಹಿಡಿದರು. ಆ ಭಾನುವಾರದ ತನಕ ನನಗೆ ಛಂದಸ್ಸು ಎಂದರೆ ಹದಿನೈದು ಅಂಕದ ಪ್ರಶ್ನೆ. ಅವತ್ತಿನಿಂದ ಅದು ನಮ್ಮ ಮನೆಯೊಳಗೇ ಇದ್ದ, ನನಗೆ ಮಾತ್ರ ಕೇಳಿಸದೆ ಇದ್ದ ಒಂದು ತಾಳ.

ಆರನೆಯ ದಿನ: ಆರು ವೃತ್ತವಲ್ಲ, ಮೂರು

ಈಗ ನನ್ನನ್ನು ಬೀಳಿಸಿದ ಜಾಗ. ಖ್ಯಾತ ಕರ್ನಾಟಕ ವೃತ್ತಗಳು ಆರು. ಇವುಗಳಲ್ಲಿ ಮಾತ್ರೆಯ ಲೆಕ್ಕವಲ್ಲ, ಯಾವ ಅಕ್ಷರದ ಜಾಗದಲ್ಲಿ ಲಘು, ಯಾವುದರಲ್ಲಿ ಗುರು ಎಂಬುದೇ ಗೊತ್ತುಮಾಡಿದೆ. ಮೊದಲು ಉತ್ಪಲಮಾಲೆ, ಚಂಪಕಮಾಲೆ ಎರಡನ್ನೂ ಒಂದರ ಕೆಳಗೊಂದು ಬರೆಯಿರಿ.

ಉತ್ಪಲ (20 ಅಕ್ಷರ): — ∪ ∪ — ∪ — ∪ ∪ ∪ — ∪ ∪ — ∪ ∪ — ∪ — ∪ —
ಚಂಪಕ (21 ಅಕ್ಷರ): ∪ ∪ ∪ ∪ — ∪ — ∪ ∪ ∪ — ∪ ∪ — ∪ ∪ — ∪ — ∪ —

ಏನು ಕಾಣುತ್ತದೆ? ಉತ್ಪಲದ ಮೊದಲನೆಯ ಗುರುವನ್ನು ಒಡೆದು ಎರಡು ಲಘು ಮಾಡಿದರೆ ಚಂಪಕ. ಉಳಿದದ್ದೆಲ್ಲ ಹಾಗೇ. ಗಣದ ಹೆಸರಿನಲ್ಲಿ ನೋಡಿದರೆ ಇದು ಕಾಣುವುದೇ ಇಲ್ಲ: ಒಂದು 'ಭರನಭಭರ ಲಗ', ಇನ್ನೊಂದು 'ನಜಭಜಜಜರ'. ಹೆಸರು ಬೇರೆ ಬೇರೆ ಮನೆತನದವರ ಹಾಗೆ, ನೋಡಿದರೆ ಅಕ್ಕ-ತಂಗಿಯರು!

ಇದೇ ಸಂಬಂಧ ಉಳಿದ ನಾಲ್ಕರಲ್ಲೂ ಇದೆ. ಶಾರ್ದೂಲವಿಕ್ರೀಡಿತ (ಮಸಜಸತತಗ, 19 ಅಕ್ಷರ) ಮೊದಲ ಗುರು ಒಡೆದರೆ ಮತ್ತೇಭವಿಕ್ರೀಡಿತ (ಸಭರನಮಯ ಲಗ, 20 ಅಕ್ಷರ). ಸ್ರಗ್ಧರೆ (ಮರಭನಯಯಯ, 21 ಅಕ್ಷರ) ಒಡೆದರೆ ಮಹಾಸ್ರಗ್ಧರೆ (ಸತತನಸರರಗ, 22 ಅಕ್ಷರ). ನೀವೇ ಪ್ರಸ್ತಾರ ಹಾಕಿ ತಾಳೆ ನೋಡಿ, ನನ್ನ ಮಾತು ನಂಬಬೇಡಿ. ಹೀಗೆ ಮೂರು ಕಲಿತರೆ ಆರು ಬಂದ ಹಾಗೆ. ಪದ್ಯ ಕೊಟ್ಟಾಗ ಗುರುತಿಸುವುದು ಸುಲಭ: ಮೊದಲಕ್ಷರ ಗುರುವೋ ಲಘುವೋ ನೋಡಿ, ಗುರುವಾದರೆ ಉತ್ಪಲ, ಶಾರ್ದೂಲ, ಸ್ರಗ್ಧರೆಯ ಪೈಕಿ, ಲಘುವಾದರೆ ಉಳಿದ ಮೂರರ ಪೈಕಿ. ಆಮೇಲೆ ಅಕ್ಷರ ಎಣಿಸಿ. ನಾನು ಶಾರ್ದೂಲವನ್ನು ಮತ್ತೇಭ ಮಾಡಿದ್ದು ಈ ಒಂದು ನೋಟ ಇಲ್ಲದ್ದರಿಂದ.

ಏಳನೆಯ ದಿನ: ಕಂದ

ಕಂದಪದ್ಯಕ್ಕೆ ನಾಲ್ಕು ಮಾತ್ರೆಯ ಗಣ ಮಾತ್ರ. ಸಾಲಿಗೆ 3, 5, 3, 5 ಗಣ. ಅಂದರೆ 12+20+12+20, ಒಟ್ಟು 64 ಮಾತ್ರೆ. ನಾಲ್ಕು ಮಾತ್ರೆಯನ್ನು ಐದೇ ರೀತಿಯಲ್ಲಿ ಕೂರಿಸಬಹುದು: — —, — ∪ ∪, ∪ — ∪, ∪ ∪ —, ∪ ∪ ∪ ∪. ಎರಡೆರಡು ಸಾಲು ಸೇರಿ ಒಂದು ಅರ್ಧ, ಅದರಲ್ಲಿ ಎಂಟು ಗಣ. ಪ್ರತಿ ಅರ್ಧಕ್ಕೆ ಮೂರು ಕಟ್ಟಳೆ: 1, 3, 5, 7ನೆಯ ಜಾಗದಲ್ಲಿ ಜಗಣ (∪ — ∪) ಬರಕೂಡದು, 6ನೆಯದು ಜಗಣವೋ ನಾಲ್ಕೂ ಲಘುವೋ ಆಗಿರಲೇಬೇಕು, 8ನೆಯದರ ಕೊನೆ ಗುರು. 'ಬೆಸದಲ್ಲಿ ಮುಲುಂಡು ಇಳಿಯಬಾರದು, ಆರರಲ್ಲಿ ಇಳಿಯಬಹುದು' ಅಂತ ನಾನು ಗುರುತಿಟ್ಟುಕೊಂಡೆ. ನೀವು ನಕ್ಕರೂ ಸರಿ, ಇನ್ನು ಮರೆಯಲಾರಿರಿ.

ಎಂಟನೆಯ ದಿನ: ರಗಳೆ

ಇಲ್ಲಿ ಹೊಸತು ಹೆಚ್ಚಿಲ್ಲ. ಉತ್ಸಾಹದ ಹೆಜ್ಜೆ ಮೂರು ಮಾತ್ರೆ, ಮಂದಾನಿಲದ್ದು ಮುಖ್ಯವಾಗಿ ನಾಲ್ಕು, ಲಲಿತದ್ದು ಐದು. ಷಟ್ಪದಿಯಲ್ಲಿ ಕಲಿತ ಹೆಜ್ಜೆಗಳೇ ಇವು. ಸಂಗೀತ ಬಲ್ಲವರು ತಿಶ್ರ, ಚತುರಶ್ರ, ಖಂಡ ಎನ್ನುತ್ತಾರೆ. ಭಾಮಿನಿಯ 3+4 ಅವರ ಮಿಶ್ರ. ಹರಿಹರನ ರಗಳೆಗಳ ಒಂದು ಪುಟ ತೆಗೆದು ಗಟ್ಟಿಯಾಗಿ ಓದಿ. ಪೆನ್ಸಿಲ್ ಆಮೇಲೆ, ಮೊದಲು ಬೆರಳು. ಯಾವ ಹೆಜ್ಜೆ ಎಂದು ಕಿವಿಯಿಂದ ಹೇಳಿ, ಆಮೇಲೆ ಎಣಿಸಿ ಸರಿಯೋ ನೋಡಿ.

ಒಂಬತ್ತು, ಹತ್ತನೆಯ ದಿನ: ಕಲಸು, ಕಲಿಸು

ಒಂಬತ್ತನೆಯ ದಿನ ಎಲ್ಲವನ್ನೂ ಕಲಸಿ. ಗೆಳೆಯನ ಹತ್ತಿರ ಹೆಸರು ಹೇಳದೆ ಇಪ್ಪತ್ತು ಪದ್ಯ ಆರಿಸಲು ಹೇಳಿ. ಕಂದದ ಪಕ್ಕ ವೃತ್ತ, ವೃತ್ತದ ಪಕ್ಕ ಷಟ್ಪದಿ ಇರಲಿ. ಒಂದೇ ಜಾತಿಯದನ್ನು ಸಾಲಾಗಿ ಮಾಡಿದರೆ ಕೈ ತನ್ನಷ್ಟಕ್ಕೆ ಓಡುತ್ತದೆ, ತಲೆ ನಿದ್ದೆ ಮಾಡುತ್ತದೆ. ಪರೀಕ್ಷೆಯಲ್ಲಿ ಯಾರೂ 'ಇದು ಭಾಮಿನಿ' ಎಂದು ಮೇಲೆ ಬರೆದುಕೊಡುವುದಿಲ್ಲ.

ಹತ್ತನೆಯ ದಿನ ಇದನ್ನು ಗೊತ್ತಿಲ್ಲದ ಒಬ್ಬರಿಗೆ ಕಲಿಸಿ. ನಾನು ಒಂಬತ್ತನೆಯ ಕ್ಲಾಸಿನ ತಂಗಿಗೆ ಕಲಿಸಿದೆ. 'ಒತ್ತು ಇಲ್ಲಿದೆ, ಗುರು ಅಲ್ಲಿ ಯಾಕೆ?' ಅಂತ ಅವಳು ಕೇಳಿದಾಗ ತಕ್ಷಣ ಉತ್ತರ ಬರಲಿಲ್ಲ. 'ಕನ್ನಡ ಅಂತ ನಿಧಾನವಾಗಿ ಹೇಳು' ಅಂದೆ. ಹೇಳಿದಳು: ಕನ್... ನಡ. 'ಓ, ಅರ್ಧ ನ್ ಹಿಂದಕ್ಕೆ ಹೋಗಿ ಅಂಟಿಕೊಳ್ತದೆ!' ಅಂತ ಅವಳೇ ಕಂಡುಹಿಡಿದಳು. ನಾನು ನಿಯಮವಾಗಿ ಕಲಿತದ್ದನ್ನು ಅವಳು ಕಾರಣವಾಗಿ ಕಲಿತಳು. ಅವತ್ತು ಮೇಷ್ಟ್ರು ಅವಳೇ.

ಹತ್ತು ದಿನದಲ್ಲಿ ಆಗದ್ದು

ಈಗ ಒಂದು ಎಚ್ಚರಿಕೆ. ನಾನು ಬಿಟ್ಟದ್ದನ್ನು ಬಿಟ್ಟಿದ್ದೇನೆ ಎಂದು ಹೇಳಲೇಬೇಕು. ತ್ರಿಪದಿ, ಸಾಂಗತ್ಯಗಳ ಅಂಶಗಣ ಇಲ್ಲಿ ಇಲ್ಲ. ಬ್ರಹ್ಮ, ವಿಷ್ಣು, ರುದ್ರ ಎಂಬ ಆ ಗಣಗಳು ಎಣಿಕೆಗಿಂತ ಹಾಡಿಕೆಗೆ ಹತ್ತಿರ, ಅದಕ್ಕೆ ಬೇರೆಯೇ ಹತ್ತು ದಿನ ಬೇಕು. ಹಳಗನ್ನಡದ ಶಿಥಿಲದ್ವಿತ್ವವೂ ಇಲ್ಲ. ಅಲ್ಲಿ ಒತ್ತಿದ್ದರೂ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮ 'ಛಂದೋಂಬುಧಿ' ಬರೆದ. ಕಿಟ್ಟೆಲ್ ಅದನ್ನು ಸಂಪಾದಿಸಿ 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ. ಹೆಸರೇ ಹೇಳುತ್ತದೆ, ಅದು ಕಡಲು. ಹತ್ತು ದಿನದಲ್ಲಿ ನಮಗೆ ಸಿಗುವುದು ದಡದಲ್ಲಿ ಕಾಲು ಒದ್ದೆ ಮಾಡಿಕೊಳ್ಳುವ ಧೈರ್ಯ.

ಇನ್ನೊಂದು. ಹತ್ತು ದಿನ ಮುಗಿದ ಮೇಲೆ ನೋಟ್ಸನ್ನು ಕಟ್ಟಿ ಅಟ್ಟಕ್ಕೆ ಹಾಕಿದರೆ ಎಬ್ಬಿಂಗ್‌ಹೌಸನ ದರೋಡೆ ಖಂಡಿತ. ನಾನು ಮೂರನೆಯ ದಿನ, ವಾರಕ್ಕೊಮ್ಮೆ, ಮೂರು ವಾರಕ್ಕೊಮ್ಮೆ ಬಿಳಿ ಹಾಳೆ ತೆಗೆದೆ. ಈಗ ತಿಂಗಳಿಗೊಮ್ಮೆ, ಹದಿನೈದು ನಿಮಿಷ ಸಾಕು. ಬೇಗ ಕಲಿತದ್ದನ್ನು ಉಳಿಸಿಕೊಳ್ಳಲು ನಿಧಾನವಾಗಿ ಮರಳಿ ಬರಬೇಕು, ಅಡ್ಡದಾರಿ ಇಲ್ಲ.

ಅಂಕ ಎಷ್ಟು ಬಂತು ಅಂತ ಕೇಳುತ್ತೀರಿ. ಪಾಸಾದೆ, ಚೆನ್ನಾಗಿಯೇ ಪಾಸಾದೆ. ಆದರೆ ಅದಕ್ಕಿಂತ ದೊಡ್ಡದು ಬೇರೆ. ಹೋದ ತಿಂಗಳು ಮಾವನ ಜೊತೆ ತಾಳಮದ್ದಳೆಗೆ ಹೋಗಿದ್ದೆ. ಭಾಗವತರು ಪದ ಎತ್ತಿಕೊಂಡರು. ಮಾವನ ಬೆರಳು ತೊಡೆಯ ಮೇಲೆ ಹೊರಟಿತು. ಎರಡನೆಯ ಸಾಲಿಗೆ ನನ್ನ ಬೆರಳೂ ಹೊರಟಿತು: ಮೂರು-ನಾಲ್ಕು, ಮೂರು-ನಾಲ್ಕು. ಮಾವ ನನ್ನ ಕೈಯನ್ನೇ ಒಮ್ಮೆ ನೋಡಿದರು, ಏನೂ ಹೇಳಲಿಲ್ಲ, ಸ್ವಲ್ಪ ಸರಿದು ಕೂತರು. ಅವರ ಕಿವಿ ನನಗೆ ಬರಲು ಇನ್ನೂ ಮೂವತ್ತು ವರ್ಷ ಬೇಕು. ಬಾಗಿಲು ತೆರೆಯಲು ಹತ್ತು ದಿನ ಸಾಕಾಯಿತು.

ಅಭ್ಯಾಸಕ್ಕೆ

1. ಇವು ಯಾವ ಗಣ? ಕಲ್ಯಾಣ, ಮಲಾಡು, ಭಾಂಡುಪ, ಕಸಾರಾ.

2. ಇದು ಭಾಮಿನಿಯ ಮೊದಲ ಸಾಲು ಆಗಬೇಕಿತ್ತು. ಎಲ್ಲಿ ಎಡವಿದೆ, ಹೇಗೆ ಸರಿಮಾಡುತ್ತೀರಿ?
ಮಳೆಯ ನೀರಲ್ಲಿ ಹಳಿಯು ಮುಳುಗಿತು

3. ಭಾಮಿನಿಗೆ ಒಟ್ಟು 102 ಮಾತ್ರೆ. ವಾರ್ಧಕಕ್ಕೆ ಎಷ್ಟು? ಪಟ್ಟಿ ನೋಡದೆ ಲೆಕ್ಕ ಹಾಕಿ.

ಉತ್ತರ (ಮೊದಲು ಪೆನ್ಸಿಲ್, ಆಮೇಲೆ ಇದು): 1. ತ, ಜ, ಭ, ಯ. 2. 'ನೀರಲ್ಲಿ' ಐದು ಮಾತ್ರೆ, ಸಾಲು ಹದಿನೈದಾಗಿದೆ. 'ನೀರಲಿ' ಎಂದರೆ ಹದಿನಾಲ್ಕು. 3. ನಾಲ್ಕು ಸಾಲಿಗೆ 80, ಎರಡು ಸಾಲಿಗೆ 64, ಒಟ್ಟು 144.